ಮಣೆಯ ಮೂಲೆಯ ಗುಳಿ

ಆ ದಿನದ ಡೈರಿಯಲ್ಲಿ ಮೂರೇ ಸಾಲುಗಳಿವೆ. ‘ಹದಿನಾಲ್ಕೂ ತುಂಬಿ ಮುಗಿಯಿತು. ಅಣ್ಣ ಮಧ್ಯಾಹ್ನದ ಗಾಡಿಗೆ ಗುಂಜಿಗೆ ಹೋದ. ಅವ್ವ ಅಳಗುಳಿ ಮಣೆ ಒಳಗಿಟ್ಟಳು.’ ಅಕ್ಷರ ನನ್ನದೇ. ಅದನ್ನು ಬರೆದಾಗ ಸಂಜೆಯಾಗಿರಬೇಕು. ಮರುದಿನ ಬೆಳಿಗ್ಗೆ ಏನಾಗಲಿದೆ ಎಂಬುದು ಆ ಸಾಲುಗಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಅದಕ್ಕಾಗಿಯೇ ನನ್ನ ನೆನಪಿಗಿಂತ ಅವುಗಳನ್ನು ನಾನು ಹೆಚ್ಚು ನಂಬುತ್ತೇನೆ. ಆದರೆ ನನ್ನ ನೆನಪಿನಲ್ಲಿರುವ ಒಂದು ಸಂಗತಿ ಅಲ್ಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಖಾನಾಪುರದ ಮನೆಯಲ್ಲಿ ಕೆಲಸದ ಕರೆಗಾಗಿ ಕಾಯುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ಅಣ್ಣ, ನಾನು. ನಮ್ಮ ಗದ್ದೆ ರೈಲುಗಾಡಿಯಲ್ಲಿ ಹೋಗಬೇಕಾದ ಗುಂಜಿಯ ಕಡೆ, ಕಾಡಿನ ಅಂಚಿನಲ್ಲಿತ್ತು. ಆ ವರ್ಷ ಹಂದಿಗಳ ಹಾವಳಿ ಹೆಚ್ಚಾಗಿ, ಗದ್ದೆ ನೋಡಿಕೊಳ್ಳುತ್ತಿದ್ದವನ ಹೆಂಡತಿಯ ತೊಡೆಯನ್ನು ಒಂದು ಒಂಟಿ ಹಂದಿ ಸೀಳಿಹಾಕಿತ್ತು. ಬೆಳೆ ಕಾಯುವ ಬಂದೂಕಿನ ಲೈಸನ್ಸು ಅಣ್ಣನ ಹೆಸರಿನಲ್ಲಿತ್ತು.

ಬಂದೂಕು ಎಂದರೆ ಅದೊಂದು ರೈಫಲ್ಲು. ಅಜ್ಜ ಬೆಳಗಾವಿಯ ದಂಡಿನವರ ಕ್ಯಾಂಪಿನ ಒಬ್ಬ ಇಂಗ್ಲಿಷ್ ಸಾಹೇಬನ ಜೊತೆ ಶಿಕಾರಿಗೆ ಹೋಗುತ್ತಿದ್ದನಂತೆ. ಸಾಹೇಬ ದೇಶ ಬಿಡುವಾಗ ಅದನ್ನು ಅಜ್ಜನಿಗೆ ಕೊಟ್ಟುಹೋದ. ಕಿರುಬೆರಳು ಸಲೀಸಾಗಿ ತೂರುವಷ್ಟು ಅಗಲದ ನಳಿಗೆ. ಕೆಳಗಿನ ಹಿಡಿಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಹಳೆಯ ಕಾಡತೂಸಿನ ಹಿತ್ತಾಳೆ ಕವಚ ಹೊರಗೆ ಜಿಗಿದು, ಹೊಸದೊಂದು ತಾನಾಗಿ ಒಳಗೆ ಕೂರುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೆಯ ಈಡು ಸಿದ್ಧ. ಆದರೆ ಅದರ ಕಾಡತೂಸು ಎಲ್ಲೂ ಸಿಗುತ್ತಿರಲಿಲ್ಲ. ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿ ಉಳಿದದ್ದು ಹದಿನಾಲ್ಕು ಖಾಲಿ ಕವಚಗಳು ಮಾತ್ರ. ಅವನ್ನೇ ಮತ್ತೆ ಮತ್ತೆ ತುಂಬಬೇಕು.

ತುಂಬಲು ಕಲಿಸಿದವರು ಕ್ಯಾಂಪಿನ ಬಂದೂಕು ಮಿಸ್ತ್ರಿ. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಹಿಂದಿನ ವರ್ಷ ಅವರೇ ನಳಿಗೆ ಬಿಚ್ಚಿ ಸವೆದ ಭಾಗ ಬದಲಿಸಿ ಕೊಟ್ಟಿದ್ದರು. ನಮ್ಮ ಪಡಸಾಲೆಯಲ್ಲಿ ಕೂತು ಸೀಸ ಕರಗಿಸಿ ಗುಂಡು ಎರೆಯುವುದನ್ನು, ಕವಚದ ತಳಕ್ಕೆ ಸಿಡಿಯುವ ಪುಟ್ಟ ಟೋಪಿ ಕೂರಿಸುವುದನ್ನು ಅಣ್ಣನಿಗೆ ತೋರಿಸಿದರು. ಮದ್ದು ತೂಗುವುದು ನನ್ನ ಪಾಲಿಗೆ ಬಂತು. ಪಕ್ಕದ ಮನೆಯ ಪತ್ತಾರರಿಂದ ಬಂಗಾರ ತೂಗುವ ತಕ್ಕಡಿ ತಂದಿದ್ದೆ. ನಾನು ಒಂದೊಂದು ಚಿಟಿಕೆಯನ್ನೂ ಹಾಕಿ, ತೆಗೆದು, ಮತ್ತೆ ಹಾಕುವುದನ್ನು ಕಂಡು ಚಾಚಾ ನಕ್ಕರು.

“ಕಾಲೇಜಿನ್ಯಾಗ ಇಷ್ಟ ದಿನ ಏನ್ ತೂಗಿದ್ರಿ ಬೇಟಿ, ಉಪ್ಪ?”

“ಉಪ್ಪ ಹೆಚ್ಚಾದ್ರ ಪಲ್ಯಾ ಕೆಡತೈತಿ. ಇದು ಹೆಚ್ಚಾದ್ರ ನಾ ಕೆಡ್ತೀನಿ,” ಎಂದ ಅಣ್ಣ.

ತೂಗಿದ ಮದ್ದನ್ನು ಇಡಲು ಅವ್ವನ ಅಳಗುಳಿ ಮಣೆ ಬಳಸೋಣ ಎಂದವಳು ನಾನು. ಎರಡು ಸಾಲಿನಲ್ಲಿ ಏಳೇಳು ಗುಳಿ. ಹದಿನಾಲ್ಕು ಕವಚಕ್ಕೆ ಹದಿನಾಲ್ಕು ಗುಳಿ. ಪ್ರತಿ ಗುಳಿಯಲ್ಲೂ ಒಂದು ಈಡಿನ ಮದ್ದು. ಚಾಚಾ ಮಣೆಯನ್ನು ತಿರುಗಿಸಿ ನೋಡಿ ಮೆಚ್ಚಿದರು. “ಹುಷಾರ್ ಹುಡುಗಿ. ಆದ್ರ ಒಂದ ಮಾತ. ಮದ್ದಿನ ಮ್ಯಾಲ ಹತ್ತಿ ಇಟ್ಟ ಮ್ಯಾಲ ಒಳಗೇನೈತಿ ಖುದಾಗೂ ಕಾಣೂದಿಲ್ಲ. ಗುಂಡು ಕೂಡಸೂದಕ್ಕ ಮೊದಲ ಮಣಿ ನೋಡ್ರಿ. ಎಲ್ಲಾ ಗುಳಿ ಖಾಲಿ ಇದ್ರ ಮಾತ್ರ ಮುಂದಿನ ಕೆಲಸ.”

ಆ ದೊಡ್ಡ ಕವಚದಲ್ಲಿ ಮದ್ದು ತಳದಲ್ಲಷ್ಟೇ ಕೂರುತ್ತಿತ್ತು. ಅದು ಅಲುಗಾಡದಂತೆ ಮೇಲೆ ಬೂರುಗದ ಹತ್ತಿಯ ಒಂದು ಉಂಡೆ. ಹತ್ತಿ ಬಿದ್ದ ಮೇಲೆ ಅಲ್ಲಾಡಿಸಿದರೂ ಸದ್ದಾಗುತ್ತಿರಲಿಲ್ಲ. ಎಂದರೆ ಒಳಗೆ ಮದ್ದಿದೆಯೋ ಇಲ್ಲವೋ ಹೇಳಬಲ್ಲದ್ದು ಆ ಮಣೆ ಒಂದೇ.

ಅವ್ವನಿಗೆ ಇದು ಸರಿಬಂದಿರಲಿಲ್ಲ. “ನಮ್ಮವ್ವ ಕೊಟ್ಟ ಮಣಿ. ಹುಣಸಿ ಬೀಜಾ ಹಾಕೋ ಗುಳಿಯಾಗ ಮದ್ದ ಹಾಕ್ತೀರಲ್ಲ, ಬುದ್ಧಿ ಐತೇನ?” ಎಂದು ಬೈದಳು. ಅವಳದೊಂದು ಪದ್ಧತಿಯಿತ್ತು. ಆಟ ಮುಗಿದ ಕೂಡಲೇ ಮಣೆಯನ್ನು ಬೋರಲು ಹಾಕಿ ಝಾಡಿಸಿ ಒಳಗಿಡುವಳು. ಗುಳಿಯಲ್ಲಿ ಒಂದೇ ಬೀಜ ಉಳಿದರೂ ಮನೆಯಲ್ಲಿ ಜಗಳ ನಿಲ್ಲುವುದಿಲ್ಲವೆಂದು ಅವಳ ನಂಬಿಕೆ.

ಆ ದಿನ ತುಂಬಿದ್ದು ನಮ್ಮ ನಾಲ್ಕನೆಯ ಸಲ, ಚಾಚಾ ಇಲ್ಲದೆ. ನಾನು ಮದ್ದು ಸುರಿದು ಹತ್ತಿ ಇಡುತ್ತಿದ್ದೆ, ಅಣ್ಣ ಗುಂಡು ಕೂರಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಒಮ್ಮೆಲೇ ಕೂರಿಸಬೇಕೆಂಬ ನಿಯಮವನ್ನು, ಗಾಡಿಗೆ ಹೊತ್ತಾಯಿತೆಂದು, ನಾವಾಗಲೇ ಮುರಿದಿದ್ದೆವು. ನಡುವೆ ಪತ್ತಾರರ ಹೆಂಡತಿ ತಕ್ಕಡಿ ಕೇಳಲು ಬಂದರು. ತೂಗಿಯಾಗಿತ್ತು, ಎದ್ದು ಕೊಟ್ಟೆ. ನಿಂತು ನನ್ನ ಕೆಲಸದ ವಿಷಯ ವಿಚಾರಿಸಿದರು. ಬಂದು ಕೂತಾಗ ಯಾವ ಕವಚದವರೆಗೆ ಮದ್ದು ಸುರಿದಿದ್ದೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿತ್ತು ಎಂದೇ ಅಂದುಕೊಂಡೆ.

ಈಗ ಡೈರಿಯಲ್ಲಿಲ್ಲದ ಸಂಗತಿ. ಅಣ್ಣ ಕೊನೆಯ ಗುಂಡು ಒತ್ತಿ, ಹದಿನಾಲ್ಕನ್ನೂ ಬಟ್ಟೆಯ ಪಟ್ಟಿಯಲ್ಲಿ ಸುತ್ತುತ್ತಿದ್ದ. ಅವ್ವ ಬಂದು ಮಣೆ ಎತ್ತಿಕೊಂಡು ಕಿಟಕಿಯ ಹೊರಗೆ ಬೋರಲು ಹಾಕಿ ತಟ್ಟಿದಳು. ಮೂಲೆಯ ಗುಳಿಯಿಂದ ಕಪ್ಪಗಿನದೇನೋ ಜಾರಿ ದಾಸವಾಳದ ಬುಡಕ್ಕೆ ಬಿದ್ದದ್ದು ನನಗೆ ಕಂಡಿತು. ಅಂಟಿಕೊಂಡ ಧೂಳಷ್ಟೇ ಇರಬಹುದಿತ್ತು. ಒಂದು ಇಡೀ ಈಡಿನ ಮದ್ದೂ ಇರಬಹುದಿತ್ತು. ತಿಳಿಯಲು ಪತ್ತಾರರ ಮನೆಯಿಂದ ತಕ್ಕಡಿ ಮತ್ತೆ ತಂದು ಒಂದೊಂದೇ ಕಾಡತೂಸು ತೂಗಿದ್ದರೆ ಸಾಕಿತ್ತು. ಅಣ್ಣ ಚಪ್ಪಲಿ ಮೆಟ್ಟುತ್ತಿದ್ದ. “ಗಾಡಿ ತಪ್ಪತೈತಿ ಅವ್ವಾ, ಬರ್ತೀನಿ,” ಎಂದ. ನಾನು ಬಾಯಿ ತೆರೆಯಲಿಲ್ಲ. ನಾನು ತಪ್ಪು ಮಾಡುವವಳಲ್ಲ ಎಂಬ ಸೊಕ್ಕು ಆ ವಯಸ್ಸಿನಲ್ಲಿ ನನಗೆ ಬಹಳವಿತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಣ್ಣ ಬೆಳಗಾವಿಯ ಆಸ್ಪತ್ರೆಯಲ್ಲಿದ್ದ. ನಳಿಗೆ ಸೀಳಿ ಎಡಗೈ ಛಿದ್ರವಾಗಿತ್ತು. ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು. ಮುಖದ ಎಡಭಾಗವೆಲ್ಲ ಸುಟ್ಟು ಕಪ್ಪಾಗಿತ್ತು. ಎಡಗಿವಿ ಮುಂದೆಂದೂ ಕೇಳಿಸಲಿಲ್ಲ.

ಮೂರನೆಯ ದಿನ ಹೇಳಿಕೆ ತೆಗೆದುಕೊಳ್ಳಲು ಹವಾಲ್ದಾರರು ಬಂದರು. ಮಂಚದ ಪಕ್ಕ ನನ್ನನ್ನು ನೋಡಿ, “ಅಕ್ಕಾರ, ಕಲತವರದೀರಿ, ನೀವ ಬರೀರಿ. ನನ್ನ ಅಕ್ಷರ ನನಗ ತಿಳ್ಯೂದಿಲ್ಲ,” ಎಂದು ಕಾಗದ, ಪೆನ್ನು ಕೈಗಿತ್ತು, ಚಹಾ ಕುಡಿಯಲು ಹೋದರು.

ಅಣ್ಣ ಕಣ್ಣು ಮುಚ್ಚಿಯೇ ಹೇಳುತ್ತ ಹೋದ. “ಬೆಳಕಾದ ಮ್ಯಾಲ ಹಂದಿ ಬದುವಿನ ಬಾಜೂಕ ಬಂತು. ಬಂದೂಕಿನ ಕುದುರಿ ಎಳದೆ. ಟುಸ್ ಅಂತು, ಅಷ್ಟ. ಕಾಡತೂಸ ಕೆಟ್ಟಿರಬೇಕ ಅಂದು ಹಿಡಿ ಜಗ್ಗಿದೆ. ಮತ್ತೊಂದು ಹೊಡದೆ. ಆಮ್ಯಾಲ ಏನೂ ನೆನಪಿಲ್ಲ. ಚಾಚಾ ನಳಿಗಿ ಸರಿ ಕೂಡಿಸಿರಲಿಲ್ಲ, ಅದ ಒಡದೈತಿ.”

ಟುಸ್ ಎಂಬುದು ಕಿವಿಗೆ ಬೀಳುತ್ತಲೇ ನನಗೆ ಎಲ್ಲ ತಿಳಿಯಿತು. ಮದ್ದಿಲ್ಲದ ಕಾಡತೂಸಿನಲ್ಲಿ ತಳದ ಟೋಪಿಯೊಂದೇ ಸಿಡಿಯುತ್ತದೆ. ಅದರ ಬಲಕ್ಕೆ ಗುಂಡು ನಳಿಗೆಯೊಳಗೆ ಅರ್ಧ ಗೇಣು ಸರಿದು ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಬಂದ ಎರಡನೆಯ ಗುಂಡಿಗೆ ದಾರಿ ಇರುವುದಿಲ್ಲ. ಇದನ್ನು ತಿಳಿಯಲು ಎಂ.ಎಸ್ಸಿ. ಬೇಕಿರಲಿಲ್ಲ.

ನಾನು ಬರೆದೆ: ಹಂದಿ ಬಂದಿತು, ಈಡು ಹಾರಿಸಿದೆನು, ದುರಸ್ತಿ ಸರಿಯಿಲ್ಲದ ನಳಿಗೆ ಒಡೆಯಿತು. ಟುಸ್ ಎಂದದ್ದನ್ನು ಬರೆಯಲಿಲ್ಲ. ಸಲೈನ್ ಹಚ್ಚಿದ ಬಲಗೈಯ ಹೆಬ್ಬೆಟ್ಟನ್ನು ನಾನೇ ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದೆ. ನನ್ನ ನೆನಪನ್ನು ಎಷ್ಟು ಅನುಮಾನಿಸಿದರೂ ಇದೊಂದರಲ್ಲಿ ಅನುಮಾನವಿಲ್ಲ. ಆ ಬೆರಳಿನ ಬಿಸಿ ಇನ್ನೂ ನನ್ನ ಕೈಯಲ್ಲಿದೆ. ಆರು ತಿಂಗಳೊಳಗೆ ಚಾಚಾರ ದುರಸ್ತಿ ಲೈಸನ್ಸು ರದ್ದಾಯಿತು.

ಎಂಬತ್ತರ ಆರಂಭದಲ್ಲಿ ನನಗೆ ಬೆಳಗಾವಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ನೆಹರು ನಗರದಲ್ಲಿ ಒಂದು ಕೋಣೆ ಹಿಡಿದೆ. ಕ್ಯಾಂಪಿನ ಕಡೆ ಹೋಗುವುದನ್ನು ಎರಡು ವರ್ಷ ತಪ್ಪಿಸಿದೆ. ಅವ್ವ ತೀರಿಕೊಂಡ ಮರುವರ್ಷ, ಕೆಟ್ಟ ಸ್ಟೋವನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅವರು ಸ್ಟೋವ್ ರಿಪೇರಿ ಮಾಡುತ್ತಾರೆಂದು ಕೇಳಿದ್ದೆ. ಸ್ಟೋವ್ ಕೆಟ್ಟಿತ್ತೋ ನಾನೇ ಕೆಡಿಸಿದ್ದೆನೋ, ಈಗ ಹೇಳಲಾರೆ.

ಚರ್ಚಿನ ಹಿಂದಿನ ಓಣಿಯಲ್ಲಿ ತಗಡಿನ ನೆರಳಿನಡಿ ಕೂತಿದ್ದರು. ಕೈಯೆಲ್ಲ ಮಸಿ. ನನ್ನನ್ನು ಗುರುತಿಸಿದರು. “ಕುಂದರ್ರಿ ಬೇಟಿ. ಅಣ್ಣ ಹ್ಯಾಂಗದಾರ?”

ಮನೆಯಿಂದ ಹೊರಟಾಗ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಚೆದುರಿದವು. “ಚಾಚಾ, ತಪ್ಪು ನಿಮ್ಮದಲ್ಲ. ಒಂದರೊಳಗ ಮದ್ದ ಇರಲಿಲ್ಲ,” ಎಂದಷ್ಟೇ ಅಂದೆ.

ಅವರು ಸ್ಟೋವಿಗೆ ಪಂಪು ಹೊಡೆಯುತ್ತಲೇ ಇದ್ದರು. “ಗೊತ್ತೈತಿ. ಪೊಲೀಸ್ರು ನಳಿಗಿ ತೋರಿಸಿದ ದಿನಾನ ಗೊತ್ತಾತು. ಒಡದ ಜಾಗಾದಾಗ ಎರಡು ಗುಂಡು ಒಂದಕ್ಕೊಂದು ಕಚ್ಕೊಂಡಿದ್ವು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ತುಂಬಿದವರು ಯಾರು ಅಂತಿದ್ರು. ಕಲಿಸಿದವರು ಯಾರು ಅಂತಿದ್ರು. ಆ ಬಾಜೂನೂ ಸಿಕ್ಕೊಳ್ಳಾಂವ ನಾನ, ಈ ಬಾಜೂನೂ ನಾನ. ನಾ ಏನ್ ದೇವರು ಕಳಿಸಿದ ಫರಿಸ್ತಾ ಅಲ್ಲ ಬೇಟಿ, ಹಂಗ ನೋಡಬ್ಯಾಡ್ರಿ.” ಪಂಪು ನಿಲ್ಲಿಸಿದರು. “ನಿಮ್ಮ ಅವ್ವಾರೂ ಬಂದಿದ್ರು. ಇಲ್ಲೇ ಕುಂತು ಅತ್ರು. ಮಣಿ ನಾನ ಝಾಡಿಸಿದೆ, ಮೂಲಿ ಗುಳಿಯಾಗ ಮದ್ದಿತ್ತು, ಕೈಗೆ ಭಾರ ಗೊತ್ತಾತು ಅಂದ್ರು. ನನ್ನ ಮಗಳು ನೋಡಿಲ್ಲ, ಆಕಿಗೇನೂ ಗೊತ್ತಿಲ್ಲ, ಆಕಿ ಹೆಸರು ಎತ್ತಬ್ಯಾಡ್ರಿ ಅಂದ್ರು.”

ನಾನು ನೋಡಿಲ್ಲವೆಂದು ಅವ್ವ ಹೇಳಿದ್ದು ನನ್ನನ್ನು ಉಳಿಸಲೋ, ಅವಳು ನಿಜವಾಗಿ ಹಾಗೆಯೇ ತಿಳಿದಿದ್ದಳೋ? ಕಿಟಕಿಯ ಕಡೆ ನಾನು ಮುಖ ಮಾಡಿರಲೇ ಇಲ್ಲವೋ? ಆಸ್ಪತ್ರೆಯಲ್ಲಿ ಟುಸ್ ಎಂದು ಕೇಳಿದ ಮೇಲೆ, ಜಾರಿಬಿದ್ದ ಆ ಕಪ್ಪನ್ನು ನನ್ನ ಮನಸ್ಸೇ ಕಟ್ಟಿತೋ? ಅವ್ವ ತೆರೆದಿಟ್ಟು ಹೋದ ಈ ಬಾಗಿಲಿನಿಂದ ನಾನು ಹೊರಗೆ ಬರಬಹುದಿತ್ತು. ಬಾಗಿಲು ಚೆನ್ನಾಗಿಯೇ ಇತ್ತು. ಆದರೆ ಹೇಳಿಕೆಯ ಕಾಗದದಲ್ಲಿ ನಾನು ಬಿಟ್ಟ ಮಾತಿಗೆ ಆ ಬಾಗಿಲು ಇರಲಿಲ್ಲ.

ಮುಂದಿನ ಭಾನುವಾರ ಖಾನಾಪುರಕ್ಕೆ ಹೋದೆ. ಹೊಸ ಹೇಳಿಕೆಯೊಂದನ್ನು ಬರೆದುಕೊಂಡಿದ್ದೆ. ಅದರಲ್ಲಿ ಟುಸ್ ಎಂಬುದಿತ್ತು, ತುಂಬಿದವಳು ನಾನೆಂಬುದಿತ್ತು. ಅಣ್ಣ ಪಡಸಾಲೆಯಲ್ಲಿ ಕೂತು, ಎಡಗೈಯ ಮೊಂಡಿನಡಿ ಹಗ್ಗದ ತುದಿ ಒತ್ತಿಹಿಡಿದು ಬಲಗೈಯಿಂದ ಹೊಸೆಯುತ್ತಿದ್ದ. ಬಲಗಿವಿಯ ಕಡೆ ಕೂತು ಎಲ್ಲ ಹೇಳಿದೆ. ಅವ್ವ ಚಾಚಾರ ಹತ್ತಿರ ಹೋದದ್ದನ್ನೂ ಹೇಳಿದೆ.

ಕೈಯಲ್ಲಿದ್ದ ಎಳೆ ಹೊಸೆದು ಮುಗಿಸಿ ಕೇಳಿದ. “ಮದ್ದ ಬಿದ್ದದ್ದು ನೀ ನೋಡಿದ್ದಿ?”

ನನಗೆ ಖಾತ್ರಿಯಿರಲಿಲ್ಲ. ಆದರೂ, “ನೋಡಿದ್ದೆ,” ಎಂದೆ.

“ಮತ್ತ ಯಾಕ ಬಾಯಿ ಬಿಡಲಿಲ್ಲ ತಂಗಿ?”

“ಗಾಡಿ ತಪ್ಪತಿತ್ತು.”

ಅವನು ಹಗ್ಗ ಕೆಳಗಿಟ್ಟ. ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಎರಡು ಸಲ ಓದಿದ. ಪೆನ್ನು ಕೇಳಿದ. ಕಾಗದ ಜಾರದಂತೆ ಅದರ ಮೇಲೆ ಮೊಂಡುಗೈ ಇಟ್ಟು, ನಿಧಾನವಾಗಿ ಹೆಸರು ಬರೆದು ಕೊಟ್ಟ. “ಆ ಮುದುಕಗ ಇದರಿಂದ ಈಗ ಏನ್ ಬರೂದೈತಿ,” ಎಂದ. ಮತ್ತೆ ಹಗ್ಗ ಕೈಗೆತ್ತಿಕೊಂಡ.

ನಾನು ಹೊರಡಲು ಎದ್ದಾಗ, ತಲೆ ಎತ್ತದೆಯೇ ಹೇಳಿದ.

“ಅವತ್ತ ಗಾಡಿ ಒಂದ ತಾಸ ತಡಾ ಬಂತು. ನಾ ಸ್ಟೇಷನ್ನಿನ ಬಾಕಿನ ಮ್ಯಾಲ ಸುಮ್ನ ಕುಂತಿದ್ದೆ.”

ನಮ್ಮ ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ.