ತಿಕ್ಕಿ ಸವೆದ ರೂಪಾಯಿ

ಹುಣಸೆಹಣ್ಣು ನೆನೆಸಿದ ನೀರಿನ ವಾಸನೆಗೆ ನಿಮಗೆ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಆಯಿ, ಅಂದರೆ ತಾಯಿಯ ತಾಯಿ, ಮತ್ತು ಬ್ರಿಟಿಷರ ಕಾಲದ ಅವಳ ಬೆಳ್ಳಿ ರೂಪಾಯಿ. ಮೊನ್ನೆ ಅಥಣಿಯ ನಮ್ಮ ಮನೆಯಲ್ಲಿ, ಅವಳ ನಂತರ ನನ್ನ ಪಾಲಿಗೆ ಬಂದ ಆ ನಾಣ್ಯಕ್ಕೇ ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಿದ್ದೆ.

ಬೋರಗಾಂವದ ಆಯಿಯ ಓಣಿಯಲ್ಲಿ ಯಾವ ಕೂಸಿನ ಹೊಕ್ಕುಳ ಉಬ್ಬಿದರೂ ಆ ರೂಪಾಯಿ ಹೊರಡುತ್ತಿತ್ತು. ಹೊಕ್ಕುಳದ ಮೇಲಿಟ್ಟು ಬಟ್ಟೆ ಕಟ್ಟಿದರೆ ಉಬ್ಬು ಇಳಿಯುತ್ತದೆಂಬ ನಂಬಿಕೆ. ಡಾಕ್ಟರು ಒಪ್ಪುವುದಿಲ್ಲ, ಬಿಡಿ. ಮುಲ್ಲಾರ ಮನೆಗೂ ಹೋಗುತ್ತಿತ್ತು, ಕುರುಬರ ಮನೆಗೂ ಹೋಗುತ್ತಿತ್ತು. ತಿರುಗಿ ಬಂದಾಗಲೆಲ್ಲ ಆಯಿ ಬಚ್ಚಲಲ್ಲಿ ಕುಳಿತು ತಿಕ್ಕಿದ್ದೇ ತಿಕ್ಕಿದ್ದು. “ರಾಣಿ ಛಾಪಿಂದೈತಿ, ಹುಷಾರ” ಎನ್ನುತ್ತಿದ್ದಳು. ನನಗೆ ಬುದ್ಧಿ ಬರುವ ಹೊತ್ತಿಗೆ ರಾಣಿಯ ಮೂಗೂ ಉಳಿದಿರಲಿಲ್ಲ.

ಬಾಣಂತನಕ್ಕೆ ಬಂದಿರುವ ಮಗಳು ಅದನ್ನು ಕರಗಿಸಿ ಕೂಸಿಗೆ ಕಡಗ ಮಾಡಿಸೋಣ ಎಂದಳು. ಕರಗಿಸಲು ನನಗೆ ಮನಸ್ಸಿರಲಿಲ್ಲ. ಹಳೇ ನಾಣ್ಯಕ್ಕೆ ಭಾರಿ ಬೆಲೆಯಿದೆ ಎಂದು ತಿಳಿದವರು ಹೇಳಿದರೆ ಬಿಟ್ಟಾಳು ಎಂದುಕೊಂಡು, ಹೆಣ್ಣು ತೋರಿಸುವವರಂತೆ ಅದನ್ನು ಸಿಂಗರಿಸಿ, ಮರುದಿನ ನಿಪ್ಪಾಣಿ ಬಸ್ಸು ಹತ್ತಿದೆ.

ಅಲ್ಲಿನ ಬೆಳ್ಳಿ-ಬಂಗಾರದ ಅಂಗಡಿಯ ಹಿರಿಯ ಪತ್ತಾರರು ಅಂಚನ್ನು ಉಗುರಿನಿಂದ ಸವರಿದರು, ತೂಗಿದರು, ಭೂತಗನ್ನಡಿಯಲ್ಲಿ ನೋಡಿದರು.

“ರೂಪಾಯಿ ಖರೇನ ಐತ್ರಿ ಅಕ್ಕಾರ. ಆದ್ರ ರಾಣೀದೋ ರಾಜಂದೋ ಹೇಳಾಕ ಆಗೂದಿಲ್ಲ. ಇದನ್ನ ತಿಕ್ಕೀರೇನು?”

“ಹೌದ್ರಿ, ನಿನ್ನೆನ. ಚಂದ ಕಾಣ್ಲಿ ಅಂತ.”

“ಅಕ್ಷರದ ಸಂದ್ಯಾಗ ಕರೀ ಕಿಟ್ಟ ಉಳದಿದ್ರ ಓದಾಕ ಬರ್ತಿತ್ತು. ಈಗ ಬರೇ ಬೆಳ್ಳಿ ರೇಟು. ತೂಕಾನೂ ಕಡಿಮಿ ಐತಿ.”

ಅಳಿದುಳಿದ ರಾಣಿಯನ್ನು ನಾನೇ ತೊಳೆದುಬಿಟ್ಟಿದ್ದೆ.

ಬರುವಾಗ ಬಸ್ಸಿನಲ್ಲಿ ಮಗಳಿಗೊಂದು ಸುಳ್ಳು ತಯಾರು ಮಾಡಿಕೊಂಡೆ: ಲಕ್ಷ ಬಾಳುತ್ತದಂತೆ, ಮುಟ್ಟಬಾರದಂತೆ. ಊರು ಹತ್ತಿರ ಬಂದಂತೆ ನಾಚಿಕೆಯಾಯಿತು. ಕೂಸಿದ್ದ ಮನೆಗೆ ಆಯಿ ಅದನ್ನು ಇಲ್ಲವೆಂದದ್ದೇ ಇಲ್ಲ. ನನ್ನ ಮನೆಯಲ್ಲೇ ಕೂಸಿರುವಾಗ ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕುಳಿತಿದ್ದೆ.

“ಏನಂದ್ರವ್ವಾ?” ಮಗಳು ಬಾಗಿಲಲ್ಲೇ ಕೇಳಿದಳು.

“ಬರೇ ಬೆಳ್ಳಿ ರೇಟಂತ. ತಗೊ, ಕೂಸಿಗೆ ಕಡಗ ಮಾಡ್ಸು.”

ಅವಳ ಕೈಗಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಆಯಿ ಎಷ್ಟು ಮನೆಗೆ ಕೊಟ್ಟರೂ ಅದು ಅವಳಿಗೆ ತಿರುಗಿ ಬರುತ್ತಿತ್ತು. ತಿರುಗಿ ಬಾರದ ಹಾಗೆ ಕೊಟ್ಟವಳು ನಾನೊಬ್ಬಳೇ.