ಕೈಬಿಡದ ಎಪ್ಪತ್ತು ಕೆಂಪು ಮಣಿಗಳು

ಈ ವರ್ಷದ ಮಾರ್ಚ್ ಹನ್ನೊಂದರಂದು ನಗರದ ವಿಜ್ಞಾನ ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಂದನ್ನು ತೆರೆದು, ಹಳದಿ ಮಣಿಗಳಿಗೆ ಅಂಟಿಕೊಂಡಿದ್ದ ಎಪ್ಪತ್ತು ಕೆಂಪು ಮಣಿಗಳನ್ನು ಬ್ಲೇಡಿನಿಂದ ಬಿಡಿಸಲಾಯಿತು. ಕದ್ದವರಿಲ್ಲ, ಒಡೆದವರಿಲ್ಲ; ಒಂದು ಮಣಿಯೂ ಕಳೆದಿಲ್ಲ. ಆದರೂ ನಡೆದದ್ದು ಅನ್ಯಾಯ. ಏಕೆಂದು ತಿಳಿಯಬೇಕಾದರೆ ಆ ಪೆಟ್ಟಿಗೆಯನ್ನು ಮಾಡಿದಾಕೆಯನ್ನು ತಿಳಿಯಬೇಕು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಹುಳಿ ಟೀಚರ್’ ಎನ್ನುತ್ತಿದ್ದರು. ಮುಖ ಹುಳಿಯಾಗಿತ್ತೆಂದಲ್ಲ, ಗಂಧಕಾಮ್ಲದ, ಅಂದರೆ ಸಲ್ಫ್ಯೂರಿಕ್ ಆಮ್ಲದ, ಮಾತು ಬಂತೆಂದರೆ ಅವರಿಗೆ ಗಂಟೆ ಬಾರಿಸಿದ್ದೂ ಕೇಳಿಸುತ್ತಿರಲಿಲ್ಲ.

“ಈ ಆಮ್ಲದ ಹತ್ರ ಎರಡು ಹೈಡ್ರೋಜನ್ ಇದಾವೆ. ಎರಡು ಮಕ್ಕಳ ತಾಯಿ ಅಂದ್ಕೊಳ್ಳಿ. ನೀರಿಗೆ ಬಂದ ತಕ್ಷಣ ಒಂದು ಮಗು ಕೈ ಕೊಡವಿ ಓಡತ್ತೆ. ಇನ್ನೊಂದು ಅಮ್ಮನ ಕಿರುಬೆರಳು ಬಿಡಲ್ಲ. ನೀರು ಹೆಚ್ಚಾದಷ್ಟೂ ಅದಕ್ಕೂ ಧೈರ್ಯ ಬರತ್ತೆ, ಆಮೇಲೆ ಬಿಡತ್ತೆ.”

ಪಠ್ಯಪುಸ್ತಕವಾದರೋ ಒಂದೇ ಸಾಲಿನಲ್ಲಿ ಎರಡೂ ಮಕ್ಕಳನ್ನು ಓಡಿಸಿಬಿಡುತ್ತಿತ್ತು. ಟೀಚರಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು.

ಒಂದು ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯ ಅವರಿಗೆ ಒದಗಿತು. ಅಲ್ಲಿ ಆಮ್ಲದ ದ್ರಾವಣಕ್ಕೆ ಹಸಿರು ಬೆಳಕು ಹಾಯಿಸಿ, ಚದುರಿ ಬರುವ ಬೆಳಕನ್ನು ಅಳೆಯುವ ಯಂತ್ರವಿತ್ತು. ಪರದೆಯ ಮೇಲೆ ಎರಡು ಶಿಖರಗಳೆದ್ದವು. ಒಂದು, ಎರಡೂ ಮಕ್ಕಳನ್ನು ಬಿಟ್ಟುಕೊಟ್ಟ ಸಲ್ಫೇಟಿನದು. ಇನ್ನೊಂದು, ಒಂದನ್ನು ಇನ್ನೂ ಹಿಡಿದಿರುವ ಬೈಸಲ್ಫೇಟಿನದು. ಗಾಢ ದ್ರಾವಣದಲ್ಲಿ ಬೈಸಲ್ಫೇಟಿನದೇ ದರ್ಬಾರು. ಹೆಚ್ಚು ನೀರಿನ ದ್ರಾವಣ ಇಟ್ಟರು. ಆ ಶಿಖರ ಕುಗ್ಗಿ ಪಕ್ಕದ್ದು ತಲೆಯೆತ್ತಿತು. ಇನ್ನೂ ತೆಳುವಾದದ್ದನ್ನು ಇಟ್ಟರು, ಮತ್ತಷ್ಟು ಎತ್ತಿತು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಟೀಚರ್ ಅಂದು ಕಣ್ಣಾರೆ ಕಂಡರು. ಪ್ರಯೋಗಾಲಯದ ಕೋಟನ್ನೂ ಕಳಚದೆ, ಕಾಲು ನೆಲಕ್ಕೆ ತಾಗದವರಂತೆ ತಮ್ಮ ಅಕ್ಕನ ಹೊಲಿಗೆ ಅಂಗಡಿಗೆ ಬಂದರು.

“ಅಕ್ಕಾ, ಬಿಡ್ತಾ ಇದೆ. ನಾನೇ ನೋಡ್ದೆ.”

“ಯಾರು ಯಾರನ್ನ ಬಿಟ್ರೇ? ಮೊದ್ಲು ಕೋಟು ತೆಗಿ. ತೂತು ಬಿದ್ದಿದ್ರೆ ನಾನೇ ಹೊಲೀಬೇಕು.”

ಎಲ್ಲ ಕೇಳಿದ ಮೇಲೆ ಅಕ್ಕ ಗುಂಡಿ, ಮಣಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, “ನಿನ್ನ ಮಾತು ಯಾರಿಗೆ ಅರ್ಥ ಆಗತ್ತೆ? ಮಣೀಲಿ ಮಾಡಿ ತೋರ್ಸು” ಎಂದರು. ಪೆಟ್ಟಿಗೆ ಹುಟ್ಟಿದ್ದು ಹೀಗೆ.

ಲೀಟರಿಗೊಂದು ಮೋಲ್, ಅಂದರೆ ಸುಮಾರು ತೊಂಬತ್ತೆಂಟು ಗ್ರಾಂ, ಆಮ್ಲವಿರುವ ದ್ರಾವಣದ ಮಾದರಿ ಅದು. ಹಳದಿ ಮಣಿ ತಾಯಿ ಸಲ್ಫೇಟು, ಕೆಂಪು ಮಣಿ ಹೈಡ್ರೋಜನ್ ಮಗು. ಹಳದಿ ಮಣಿಗಳು ನೂರು. ಎಪ್ಪತ್ತಕ್ಕೆ ಒಂದೊಂದು ಕೆಂಪು ಮಣಿ ಅಂಟಿಸಿ, ಋಣ ವಿದ್ಯುದಂಶದ ಗುರುತಿಗೆ ಒಂದೊಂದೇ ಕಪ್ಪು ಗೆರೆ ಎಳೆದರು. ಒಂಟಿಯಾದ ಮೂವತ್ತಕ್ಕೆ ಎರಡೆರಡು ಗೆರೆ. ಒಂದೊಂದು ಧನ ವಿದ್ಯುದಂಶ ಹೊತ್ತು ಬಿಡಿಯಾಗಿ ತೇಲುವ ಕೆಂಪು ಮಣಿಗಳು ನೂರಮೂವತ್ತು, ಗೆರೆಗಳೂ ನೂರಮೂವತ್ತು. ಧನ, ಋಣ ಸರಿಸಮ. ಸಂಗ್ರಹಾಲಯದವರು ಅದನ್ನು ಸಂತೋಷದಿಂದಲೇ ಸ್ವೀಕರಿಸಿದ್ದರು.

ಮಾರ್ಚಿನ ಆ ಘಟನೆಯ ಮರುವಾರ ಅಕ್ಕತಂಗಿಯರು ಅಲ್ಲಿಗೆ ಹೋದಾಗ ವ್ಯವಸ್ಥಾಪಕರು ಬಾಗಿಲಲ್ಲೇ ಎದುರಾದರು, ಮುಖದಲ್ಲಿ ಹೆಮ್ಮೆ.

“ಮೇಡಂ, ನಿಮ್ಮ ಮಣಿಗಳು ಅಂಟು ಸೋರಿ ಒಂದಕ್ಕೊಂದು ಕಚ್ಕೊಂಡ್ಬಿಟ್ಟಿದ್ವು. ನಮ್ಮವರು ಕೂತು ಎಲ್ಲಾನೂ ಬಿಡಿಸಿದಾರೆ. ಪುಸ್ತಕದಲ್ಲಿ ಇರೋ ಹಾಗೇ ಆಗಿದೆ ಈಗ. ಇದರದೇ ಪ್ರತಿ ಮಾಡಿ ಇನ್ನೂ ಮೂರು ಊರಿಗೆ ಕಳಿಸ್ತೀವಿ.”

ಟೀಚರ್ ಪೆಟ್ಟಿಗೆಯ ಮುಂದೆ ನಿಂತರು. ಮೂರು ಊರಿನ ಮಕ್ಕಳು ಈ ತಪ್ಪನ್ನೇ ನೋಡಿ ಕಲಿಯುತ್ತಾರಲ್ಲ ಎಂದು ಕಳವಳಗೊಂಡರು. ಅಷ್ಟರಲ್ಲಿ ಅವರ ಕಣ್ಣು ಕಪ್ಪು ಗೆರೆಗಳ ಮೇಲೆ ಬಿತ್ತು. ಮುಖ ಅರಳಿತು.

“ಗೆರೆ ಅಳಿಸಿಲ್ಲ, ಅಕ್ಕಾ. ಎಣಿಸು.”

ಬೆರಳನ್ನು ಗಾಜಿಗೂರಿ ಅಕ್ಕ ಗೆರೆಗಳನ್ನೆಣಿಸಿದರು, ತಂಗಿ ಕೆಂಪು ಮಣಿಗಳನ್ನು. ಗೆರೆಗಳು ನೂರಮೂವತ್ತೇ, ಬಿಡಿ ಕೆಂಪು ಮಣಿಗಳು ಮಾತ್ರ ಇನ್ನೂರು.

“ಎಪ್ಪತ್ತು ಧನ ಹೆಚ್ಚಿಗೆ” ಎಂದರು ಟೀಚರ್. “ಯಾವ ದ್ರಾವಣಾನೂ ಹೀಗೆ ಇರಲ್ಲ, ಸಾರ್. ಧನ ಎಷ್ಟೋ ಋಣ ಅಷ್ಟೇ. ನಾನು ಹೇಳೋದೇ ಬೇಡ, ನಿಮ್ಮ ಪೆಟ್ಟಿಗೇನೇ ಸಾಕ್ಷಿ ಹೇಳ್ತಾ ಇದೆ.”

“ಲೆಕ್ಕದ ಪ್ರಕಾರ ಇದನ್ನ ಮುಟ್ಟಿದವರಿಗೆ ಶಾಕ್ ಹೊಡೀಬೇಕು” ಎಂದರು ಅಕ್ಕ. “ಬಿಡಿಸಿದವರು ಆರಾಮಾಗಿದಾರಾ?”

ವ್ಯವಸ್ಥಾಪಕರು ನಕ್ಕರು, ತಾವೂ ಎಣಿಸಿದರು, ನಗು ನಿಲ್ಲಿಸಿದರು. “ಹೌದಲ್ಲ ಮೇಡಂ. ಆದ್ರೆ ಪೆಟ್ಟಿಗೆ ಬೀಗ ತೆಗೀಬೇಕು ಅಂದ್ರೆ ಆಡಳಿತ ಮಂಡಳಿ ಒಪ್ಪಬೇಕು. ಪ್ರತಿ ಮಾಡೋಕೆ ಆಗಲೇ ಒಪ್ಪಿಗೆ ಕೊಟ್ಬಿಟ್ಟಿದಾರೆ.”

ಬಿಡಿಸಲು ಬೇಡವಾಗಿದ್ದ ಒಪ್ಪಿಗೆ ಅಂಟಿಸಲು ಮಾತ್ರ ಬೇಕಾಯಿತು. ಅಂದಿನಿಂದ ಟೀಚರ್ ಮನೆಯಲ್ಲಿ ಎರಡನೆಯ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಇದು ನೂರು ಪಟ್ಟು ತೆಳುವಾದ ದ್ರಾವಣ. ಇದರಲ್ಲಿ ಎರಡನೆಯ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಬೆರಳು ಬಿಟ್ಟಿವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ನೀರಿನ ಮಹಿಮೆ ಎಂಥವರಿಗೂ ತಿಳಿಯುತ್ತದೆ. ಮೊದಲನೆಯದು ಸುಳ್ಳಾಡುತ್ತಿದ್ದರೆ ಎರಡನೆಯದನ್ನು ನಂಬುವವರಾರು?

ಆಡಳಿತ ಮಂಡಳಿಯ ಮಾನ್ಯ ಸದಸ್ಯರೇ, ಪ್ರತಿಗಳ ಕೆಲಸವನ್ನು ಇಂದೇ ತಡೆಯಿರಿ. ಆ ಎಪ್ಪತ್ತು ಕೆಂಪು ಮಣಿಗಳನ್ನು ಅವುಗಳ ಹಳದಿ ಮಣಿಗಳಿಗೆ ಮರಳಿಸಿರಿ. ಅಂಟು ಅಕ್ಕನ ಅಂಗಡಿಯಲ್ಲಿ ಸಿದ್ಧವಿದೆ, ಅಂಟಿಸುವವರೂ ಸಿದ್ಧರಿದ್ದಾರೆ. ತಾವು ಕೊಡಬೇಕಾದದ್ದು ಪೆಟ್ಟಿಗೆಯ ಬೀಗದ ಕೈ ಮಾತ್ರ; ಅದನ್ನು ಕೊಡಿರಿ.