ಅನ್ನದ ಊರಿಗೆ ಹೋಗಿ ಬಂದದ್ದು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಶನಿವಾರ, ಮಳೆಗಾಲ ಇನ್ನೂ ಪೂರ್ತಿ ಮುಗಿಯದಿದ್ದಾಗ, ಹುಬ್ಬಳ್ಳಿಯಿಂದ ಮಂಗಳೂರಿಗೆ ಹೊರಡುವ ಬೆಳಗಿನ ಬಸ್ಸನ್ನು ಹತ್ತಿದೆ. ಚೀಲದಲ್ಲಿ ನಾಲ್ಕು ಸೀರೆ, ಒಂದು ಡಬ್ಬಿ ಅವಲಕ್ಕಿ, ಬಾಳೆಹಣ್ಣು. ಬಸ್ಸು ಕುಮಟೆಯಲ್ಲಿ ಊಟಕ್ಕೆ ನಿಂತಾಗ ಎಲ್ಲರೂ ಹೋಟೆಲಿಗೆ ಹೋಗಿ ಪೂರಿ ತಿಂದರು. ನಾನು ಸೀಟಿನಲ್ಲೇ ಕುಳಿತು ಅವಲಕ್ಕಿ ತಿಂದೆ. ಗೋಧಿ ನನಗೆ ವಿಷವೆಂದು ಬೊಂಬಾಯಿಯ ಡಾಕ್ಟರೊಬ್ಬರು ಹೇಳಿ ಆಗ ಒಂದು ವರ್ಷವಾಗಿತ್ತು. ಅದಕ್ಕೆ ಮೊದಲು ನನ್ನ ಭೇದಿಯನ್ನೂ ಸೊರಗಿದ ಮೈಯನ್ನೂ ಒಬ್ಬರು ಕ್ಷಯ ಎಂದಿದ್ದರು, ಇನ್ನೊಬ್ಬರು ಗ್ರಹಣಿ ಎಂದಿದ್ದರು, ಅತ್ತೆ ದೃಷ್ಟಿ ಎಂದಿದ್ದರು.

ಈ ಪ್ರಯಾಣ ಬರಿಯ ತವರಿನ ಭೇಟಿಯಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಯಾರ ಮನೆಗೆ ಹೋದರೂ ಚಪಾತಿ, ಉಪ್ಪಿಟ್ಟು. ಮಂಗಳೂರಿನಲ್ಲಿ ಮೂರು ಹೊತ್ತೂ ಅಕ್ಕಿ. ಅಲ್ಲಿ ನನ್ನ ಆರೋಗ್ಯ ಸುಧಾರಿಸುವುದಾದರೆ ಅಂಚೆ ಇಲಾಖೆಯಲ್ಲಿದ್ದ ನನ್ನ ಯಜಮಾನರು ವರ್ಗಾವಣೆಗೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದೆವು. ಮಂಗಳೂರಿನಲ್ಲಿದ್ದ ಅಣ್ಣ ಊರ ಹೊರಗಿನ ವಾಮಂಜೂರಿನಲ್ಲಿ ಒಂದು ಬಾಡಿಗೆ ಮನೆಯನ್ನೂ ನೋಡಿಟ್ಟಿದ್ದ.

ಸಂಜೆ ಮಂಗಳೂರಿನ ಕೊಟ್ಟಾರದಲ್ಲಿ ಇಳಿದಾಗ ಅಣ್ಣ ಕೊಡೆ ಹಿಡಿದು ನಿಂತಿದ್ದ. ಮನೆಯಲ್ಲಿ ನಾವು ಮಾತನಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಎಂತ ಮಾರಾಯ್ತಿ, ಗಾಳಿ ಬಂದರೆ ಹಾರಿಹೋಗುವ ಹಾಗೆ ಇದ್ದಿ!" ಎಂದ. ಅತ್ತಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದಳು. ಎಷ್ಟೋ ತಿಂಗಳ ನಂತರ ಹೆದರದೆ ಉಂಡೆ. ಮರುದಿನ ಮೂವರೂ ಸಿಟಿ ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದೆವು. ಮೋಡದ ನಡುವೆ ಬಿಸಿಲು ಬಂದಿತ್ತು. ಸಮುದ್ರದ ದಂಡೆಯಲ್ಲಿ ದಣಿಯದೆ ನಡೆದೆ. "ನೋಡು, ನಿನಗೆ ಊರಿನ ಗಾಳಿಯೇ ಮದ್ದು," ಎಂದಳು ಅತ್ತಿಗೆ. ನಾನೂ ನಂಬಿದೆ.

ಸೋಮವಾರ ಆ ಮನೆಯಲ್ಲಿ ಮೀನಿಲ್ಲ. ಮಧ್ಯಾಹ್ನ ಅನ್ನ, ಬೇಳೆಸಾರು, ಬಸಳೆ ಪಲ್ಯ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೀರೆಯ ನೆರಿಗೆ ಬಿಗಿಯಾಯಿತು. ಹೊಟ್ಟೆ ಪಕ್ಕೆಲುಬಿನ ಕೆಳಗಿನಿಂದ ಉಬ್ಬತೊಡಗಿತ್ತು. ಆ ಉಬ್ಬು ನನಗೆ ಚೆನ್ನಾಗಿ ಗೊತ್ತು; ಅಜೀರ್ಣದ ಉಬ್ಬಿನಂತೆ ತೇಗಿದರೆ ಇಳಿಯುವುದಲ್ಲ. ಆಮೇಲೆ ತಲೆಯೊಳಗೆ ಹತ್ತಿ ತುರುಕಿದಂತಾಗುತ್ತದೆ, ಎದುರಿನವರ ಮಾತು ದೂರದಿಂದ ಕೇಳುತ್ತದೆ. ಮರುದಿನ ಭೇದಿ. ಅದರ ಮರುದಿನ ಮೊಣಕೈಯಲ್ಲಿ ತುರಿಸುವ ಸಣ್ಣ ನೀರುಗುಳ್ಳೆ, ನಾಲಿಗೆಯಲ್ಲಿ ಹುಣ್ಣು. ಇವೆಲ್ಲದರ ಜೊತೆ ಕಾರಣವಿಲ್ಲದ ಒಂದು ದುಃಖ ಬರುತ್ತದೆ. ಅದೂ ರೋಗದ್ದೇ ಭಾಗವೆಂದು ತಿಳಿದಿದ್ದರೂ, ಬಂದಾಗ ಅದು ರೋಗದಂತೆ ಕಾಣುವುದಿಲ್ಲ, ನಿಜದಂತೆ ಕಾಣುತ್ತದೆ.

"ಗೋಧಿ ಹೊಟ್ಟೆಗೆ ಹೋಗಿದೆ," ಎಂದೆ.

"ಎಲ್ಲಿಂದ ಹೋಗ್ತದೆ? ನೀನು ಬರುತ್ತೀ ಅಂತ ಮನೆಯಲ್ಲಿದ್ದ ಗೋಧಿಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟಿದ್ದೇನೆ," ಎಂದಳು ಅತ್ತಿಗೆ. ಅಣ್ಣ ಪೇಪರಿನಿಂದ ತಲೆ ಎತ್ತದೆ, "ಅದನ್ನೇ ಯೋಚನೆ ಮಾಡ್ತಾ ಕೂತರೆ ಹೊಟ್ಟೆ ನೋಯದೆ ಎಂತ ಆಗ್ತದೆ?" ಎಂದ.

ಮಂಗಳವಾರ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ಅತ್ತಿಗೆ ಮರುಕದಿಂದ ಮೂರು ಸಲ ಇಂಗಿನ ಮಜ್ಜಿಗೆ ಮಾಡಿ ಕುಡಿಸಿದಳು. ಬುಧವಾರ ಇನ್ನೂ ಹೆಚ್ಚಾಯಿತು. ಆದರೆ ವಾಮಂಜೂರಿನ ಮನೆಯನ್ನು ಅಂದೇ ನೋಡುವುದೆಂದು ಮಾತಾಗಿತ್ತು. ಅಣ್ಣನೂ ನಾನೂ ರಿಕ್ಷಾದಲ್ಲಿ ಹೋದೆವು. ಗದ್ದೆಯ ಬದಿಗೆ ಹೊಸದಾಗಿ ಕಟ್ಟಿದ ಚಿಕ್ಕ ಹಂಚಿನ ಮನೆ. ಅಡುಗೆಕೋಣೆಯ ಕಿಟಕಿ ತೆರೆದರೆ ಭತ್ತದ ಪೈರು. ಮನೆಯ ಯಜಮಾನಿ, ಪಕ್ಕದಲ್ಲೇ ವಾಸವಿದ್ದ ವಯಸ್ಸಾದ ಹೆಂಗಸು, ಬಾವಿ ತೋರಿಸುತ್ತಿರುವಾಗ ನನಗೆ ತಡೆಯಲಾಗಲಿಲ್ಲ. ಅವರ ಪಾಯಿಖಾನೆಗೆ ಓಡಿದೆ. ಹೊರಬಂದು ಕೈತೊಳೆಯುವಾಗ ಮತ್ತೆ ಓಡಿದೆ. ಒಳಗಿದ್ದ ನನಗೆ ಆ ಯಜಮಾನಿಯ ದನಿ ಕೇಳಿಸಿತು.

"ನಿಮ್ಮ ತಂಗಿಗೆ ಎಂತ ಕಾಯಿಲೆ? ಅಂಟುವಂಥದ್ದಾ? ನಮ್ಮಲ್ಲಿ ಸಣ್ಣ ಮಕ್ಕಳಿದ್ದಾರೆ."

"ಹಾಗೆಂತ ಇಲ್ಲಮ್ಮ," ಎಂದ ಅಣ್ಣ. "ಅವಳದ್ದು ಮನಸ್ಸಿನ ಕಾಯಿಲೆ."

ಹೊರಗೆ ಬಂದಾಗ ಆಕೆ ನನ್ನ ಮೊಣಕೈಯ ಗುಳ್ಳೆಗಳನ್ನು ನೋಡಿದರು. ಮನೆಯನ್ನು ಇನ್ನೊಬ್ಬರು ಕೇಳಿದ್ದಾರೆ, ಆಮೇಲೆ ಹೇಳುತ್ತೇನೆ ಎಂದರು.

ಸಂಜೆ ಅತ್ತಿಗೆ ಮತ್ತೆ ಮಜ್ಜಿಗೆ ಮಾಡಲು ಕುಳಿತಳು. ಡಬ್ಬಿಯಿಂದ ತೆಗೆದ ಇಂಗು ಅವಳ ಬೆರಳಿಗೆ ಅಂಟಿಕೊಂಡಿತು. "ಈ ಥಂಡಿಗೆ ಇದೊಂದು ಕಲಸಿದ ಹಿಟ್ಟಿನ ಹಾಗೆ ಆಗ್ತದೆ," ಎಂದು ಗೊಣಗಿದಳು.

"ಇಂಗಿಗೆ ಹಿಟ್ಟು ಹಾಕ್ತಾರಾ ಅತ್ತಿಗೆ?"

"ಹಾಕದೆ? ಬರೀ ಇಂಗನ್ನು ಯಾರಿಗೆ ತಿನ್ಲಿಕ್ಕೆ ಆಗ್ತದೆ? ನನ್ನ ಅಪ್ಪನ ಅಂಗಡಿಗೆ ಬರುತ್ತಿದ್ದದ್ದೂ ಮೈದಾ ಸೇರಿಸಿದ್ದೇ..."

ಅವಳು ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು. ಮೈದಾ ಎಂದರೆ ಗೋಧಿಯೇ. ಸೋಮವಾರದ ಸಾರಿಗೂ ಅದೇ ಇಂಗನ್ನು ಹಾಕಿದ್ದಳು. "ದೇವರೇ, ನಾನೇ ಕುಡಿಸಿದ್ದಲ್ಲಾ," ಎಂದು ನೆಲದಲ್ಲಿ ಕುಳಿತು ಅತ್ತಳು. ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೂ ಕೇಳಿತ್ತು. "ನಾಳೆಯೇ ಹೋಗಿ ಆ ಅಮ್ಮನಿಗೆ ಹೇಳ್ತೇನೆ," ಎಂದ. "ಎಂತ ಹೇಳ್ತಿ?" ಎಂದೆ.

ಕಾರಣ ಸಿಕ್ಕಿತೆಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಂಗಿಲ್ಲದ ಸಾರು ಯಾವ ಹೋಟೆಲಿನಲ್ಲಿದೆ, ಯಾವ ಮದುವೆಮನೆಯಲ್ಲಿದೆ? ಇಷ್ಟು ಪ್ರೀತಿಯ ಕೈಯಿಂದಲೇ ಹೀಗಾದರೆ ಇನ್ನು ಪರರ ಕೈಯನ್ನು ನಂಬುವುದೆಲ್ಲಿ? ಅಕ್ಕಿಯ ಊರೆಂದು ಬಂದವಳಿಗೆ ಇನ್ನು ಹೋಗಲು ಬೇರೆ ಊರಿರಲಿಲ್ಲ.

ಶುಕ್ರವಾರ ಭೇದಿ ನಿಂತಿತ್ತು. ಬೆಳಗ್ಗೆ ಹೊರಟೆ. ಅತ್ತಿಗೆ ಹೊಸ ಪಾತ್ರೆ ತಂದು, ಅಕ್ಕಿ ತೊಳೆದು ತಾನೇ ರುಬ್ಬಿ, ತೆಂಗಿನತುರಿ ಹಾಕಿ ಪುಂಡಿಯ ಉಂಡೆಗಳನ್ನು ಹಬೆಯಲ್ಲಿ ಬೇಯಿಸಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. "ಅಕ್ಕಿ, ಕಾಯಿ, ಉಪ್ಪು. ಬೇರೆ ಎಂತದೂ ಇಲ್ಲ. ಆಣೆ," ಎಂದಳು.

ಅಂಕೋಲೆ ದಾಟುವಾಗ ತುಂಬ ಹಸಿವಾಗಿತ್ತು. ಕಟ್ಟು ಬಿಚ್ಚಿದೆ. ಬೆಂದ ಅಕ್ಕಿಯ ಪರಿಮಳ ಬಂತು. ಒಂದು ಉಂಡೆಯನ್ನು ಬಾಯಿಯವರೆಗೆ ತಂದು ಮತ್ತೆ ಎಲೆಯಲ್ಲಿಟ್ಟೆ. ಅತ್ತಿಗೆಯ ಮಾತಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೂ ನನ್ನ ಬಾಯಿ ತೆರೆಯಲಿಲ್ಲ. ಅರಬೈಲು ಘಟ್ಟ ಹತ್ತುವಷ್ಟೂ ಹೊತ್ತು ಆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಹುಬ್ಬಳ್ಳಿಯ ಮನೆಯಲ್ಲಿ ಯಜಮಾನರು ಕಟ್ಟು ಬಿಚ್ಚಿ, ತಣ್ಣಗಾದ ಪುಂಡಿಯೊಂದನ್ನು ಮುರಿದು ತಿಂದರು. "ಒಳ್ಳೆದಾಗಿದೆ. ಒಂದೂ ಖರ್ಚಾಗಿಲ್ಲವಲ್ಲ, ನೀನು ತಿನ್ನಲಿಲ್ಲವಾ?" ಎಂದು ಕೇಳಿದರು.

"ಹೆದರಿಕೆ ಆಯಿತು," ಎಂದೆ. "ವರ್ಗಾವಣೆಯ ಅರ್ಜಿ ಹಾಕಬೇಡಿ."

ಅವರು ತಿನ್ನುವುದನ್ನು ನಿಲ್ಲಿಸಿ, ಎದ್ದು ಹೋಗಿ ಕೈ ತೊಳೆದು, ನನಗಾಗಿ ಒಲೆಯ ಮೇಲೆ ಅನ್ನಕ್ಕಿಟ್ಟರು.